ಮೀಸೆ ಉದುರದ ಟಯರು

ಆಗಸ್ಟ್ 4

ಸಭೆಯ ಅಧ್ಯಕ್ಷತೆ ವಹಿಸಿರುವ ಅಕ್ಕನವರೇ, ನನ್ನ ಹಾಸಿಗೆಯ ಪಕ್ಕದಲ್ಲಿ ಸ್ಟ್ಯಾಂಡು ಹಾಕಿ ನಿಂತಿರುವ ಮುಖ್ಯ ಅತಿಥಿಗಳೇ, ಗೋಡೆಯ ಮೇಲೆ ಆಸೀನರಾಗಿರುವ ಹಲ್ಲಿಗಳೇ, ಬಾಗಿಲಾಚೆ ಕಿವಿಗೊಟ್ಟು ನಿಂತಿರುವ ಮನೆ ಓನರಮ್ಮನವರೇ, ಹಾಗೂ ಈ ಪತ್ರವನ್ನು ಮುಂದೊಂದು ದಿನ ಪಠ್ಯಪುಸ್ತಕದಲ್ಲಿ ಬಾಯಿಪಾಠ ಮಾಡಬೇಕಾಗಿ ಬರುವ ನತದೃಷ್ಟ ವಿದ್ಯಾರ್ಥಿಗಳೇ,

ಬೈಕು ಬಂತು.

ಚಪ್ಪಾಳೆ ಆಮೇಲೆ. ಸೆಕೆಂಡ್ ಹ್ಯಾಂಡು, ಕೆಂಪು ಟ್ಯಾಂಕು, ನೂರೈವತ್ತು ಸಿಸಿಗಿಂತ ಒಂದು ಗುಟುಕು ಜಾಸ್ತಿ. ಉದ್ದ ಕಾಲು, ಸಣ್ಣ ಸೊಂಟ, ಮೂಗಿನ ಮೇಲೆ ಎತ್ತಿ ಕಟ್ಟಿದ ಮಡ್‌ಗಾರ್ಡು. ದೂರದಿಂದ ನೋಡಿದರೆ ಸಿಟ್ಟು ಮಾಡಿಕೊಂಡ ಕೊಕ್ಕರೆ. ಡಾಂಬರಿನ ಮೇಲೂ ಓಡುತ್ತದೆ, ದಾರಿಯೇ ಇಲ್ಲದ ಕಡೆಯೂ ಓಡುತ್ತದೆ ಎಂದು ಮಾರಿದವನು ಆಣೆ ಮಾಡಿದ. ನಮ್ಮ ಪ್ರೆಸ್ಸಿನ ಎದುರಿನ ಲೇತ್ ಅಂಗಡಿಯವನು ಪರೀಕ್ಷೆ ಮಾಡಿ ತಲೆಯಾಡಿಸಿದ. ಅಲ್ಲಿಂದ ಇಲ್ಲಿಗೆ ಅವನೇ ಓಡಿಸಿಕೊಂಡು ಬಂದ, ನಾನು ಹಿಂದೆ ಕೂತಿದ್ದೆ. ಹೊಸ ಗಾಡಿಯ ನಾಡಿ ಬಲ್ಲವನೇ ಹಿಡಿಯಲಿ ಅಂತ.

ಅಂಗಳದಲ್ಲಿ ನಿಲ್ಲಿಸಲು ಓನರಮ್ಮ ಬಿಡಲಿಲ್ಲ. ಹಾಗಾಗಿ ಅತಿಥಿಗಳು ಕೋಣೆಯ ಒಳಗೇ ಬಿಡಾರ ಹೂಡಿದ್ದಾರೆ. ಕೋಣೆಯನ್ನು ನೀನು ನೋಡಿಲ್ಲ. ಒಂದು ಮಂಚ, ಒಂದು ಮೇಜು, ಒಂದು ಕಿಟಕಿ. ಕಿಟಕಿ ತೆಗೆದರೆ ಪ್ರೆಸ್ಸಿನ ಹಿಂದಿನ ಗೋಡೆ. ಬೆಳಿಗ್ಗೆ ಎದ್ದು ಆ ಗೋಡೆ ನೋಡುತ್ತೇನೆ, ಆಮೇಲೆ ಅದರ ಒಳಗೆ ಹೋಗಿ ಕೂತು ಸಂಜೆಯ ತನಕ ಬೇರೆಯವರ ತಪ್ಪು ತಿದ್ದುತ್ತೇನೆ. ಈಗ ಮಂಚಕ್ಕೂ ಮೇಜಿಗೂ ನಡುವೆ ಬೈಕು. ಮಲಗಬೇಕಾದರೆ ಸೈಲೆನ್ಸರ್ ದಾಟಬೇಕು.

ಆದರೂ ಕೇಳು. ಅಕ್ಟೋಬರ್ ಹದಿನೈದಕ್ಕೆ ಆ ಬಂಡೆಗಳ ಬಾಯಿಂದ ನಿನ್ನನ್ನು ಹಿಂದೆ ಕೂರಿಸಿಕೊಂಡು ಆಚೆ ತರುತ್ತೇನೆ. ಹದಿನಾರಕ್ಕೆ ನೀನು ಇಲಾಖೆ ಪರೀಕ್ಷೆ ಬರೆಯುತ್ತೀಯ. ಹನ್ನೊಂದು ವರ್ಷ ಅಣೆಕಟ್ಟಿನ ತೂಬು ತಿರುಗಿಸಿದ್ದು ಸಾಕು. ಇನ್ನು ಊರಿನ ಆಫೀಸಿನಲ್ಲಿ ಫ್ಯಾನಿನ ಕೆಳಗೆ ಕೂತು ಬೇರೆಯವರಿಗೆ ತಿರುಗಿಸಲು ಹೇಳು.

ಚೈನಿಗೆ ಎಣ್ಣೆ, ಚಕ್ರಕ್ಕೆ ಗಾಳಿ,
ದೂಳೆಬ್ಬಿಸುತ್ತ ಬರುವುದು ನಮ್ಮ ದಾಳಿ.

ಏನೇನು ಮಾಡಬೇಕೋ ಬರೆ. ಮಂಡಿ ಹೇಗಿದೆ?

ನಿನ್ನ ತಮ್ಮ

*

ಆಗಸ್ಟ್ 12

ಲೋ ಪಂಡಿತ,

ನಿನ್ನ ಭಾಷಣ ಇಲ್ಲಿನ ಸಭೆಗೆ ಓದಿ ಹೇಳಿದೆ. ಸಭೆ ಅಂದರೆ ನಾನು, ಜೊತೆಯ ಗೇಟಿನವನು, ಒಂದು ನಾಯಿ. ನಾಯಿ ಮಧ್ಯದಲ್ಲೇ ಎದ್ದು ಹೋಯಿತು.

ಮೊದಲು ದಾರಿ ತಿಳ್ಕೋ. ಡಾಂಬರು ಮುಗಿಯುವ ಕಡೆಯಿಂದ ನನ್ನ ಬಾಗಿಲಿಗೆ ನಲವತ್ತೈದು ಕಿಲೋಮೀಟರು. ಕಲ್ಲು, ಜಲ್ಲಿ, ಎರಡು ಕಡೆ ಹಳ್ಳದ ಒಳಗೇ ದಾರಿ. ದೊಡ್ಡ ಸೇತುವೆ ಬಿದ್ದು ಎರಡು ವರ್ಷ ಆಯ್ತು, ಜೀಪು ಬರಲ್ಲ. ಅದರ ಬದಲು ಹಲಗೆ ಹಾಕಿದ್ದಾರೆ, ಎರಡು ಅಡಿ ಅಗಲ. ಹೇಸರಗತ್ತೆ ದಾಟುತ್ತೆ, ಸಣ್ಣ ಬೈಕು ದಾಟುತ್ತೆ, ಮತ್ತೇನೂ ದಾಟಲ್ಲ. ರೇಷನ್ನು, ಟಪಾಲು ತರುವವನು ಆ ಹೇಸರಗತ್ತೆ ಜೊತೆ ವಾರಕ್ಕೆ ಒಂದು ಸಲ ಬರ್ತಾನೆ. ನಡೆದರೆ ಇಳಿಯೋದಕ್ಕೆ ಎರಡು ದಿನ, ಹತ್ತೋದಕ್ಕೆ ಎರಡು ದಿನ. ನನಗೆ ಸಿಕ್ಕಿರುವ ರಜೆ ಮೂರೇ ದಿನ: ಹದಿನೈದು, ಹದಿನಾರು, ಹದಿನೇಳು. ಅಷ್ಟು ದಿನ ಜೊತೆಯವನು ಒಬ್ಬನೇ ತೂಬು ನೋಡ್ಕೋತಾನೆ. ಬರುವ ವರ್ಷ ನನಗೆ ವಯಸ್ಸು ಮೀರುತ್ತೆ, ಪರೀಕ್ಷೆಗೆ ಕೂರಿಸಲ್ಲ. ಇದು ಹೋದರೆ ನಿವೃತ್ತಿಯ ತನಕ ಇಲ್ಲೇ. ಇಷ್ಟು ಗೊತ್ತಿರಲಿ ಅಂತ ಬರೆದೆ, ಹೆದರಿಸೋಕಲ್ಲ.

ಈಗ ಕೆಲಸ. ಮುಂದಿನ ಸ್ಪ್ರಾಕೆಟ್, ಅಂದರೆ ಚೈನು ಎಳೆಯುವ ಹಲ್ಲಿನ ಚಕ್ರ, ಬಿಚ್ಚು, ಹಲ್ಲು ಎಣಿಸು. ಹದಿನಾಲ್ಕು ಇದ್ದರೆ ಹದಿಮೂರರದ್ದು ಹಾಕು. ಓಟ ಕಡಿಮೆ ಆಗುತ್ತೆ, ಎಳೆಯುವ ಶಕ್ತಿ ಬರುತ್ತೆ. ನಮಗೆ ಬೇಕಿರೋದು ಎಳೆಯೋದು. ಏರ್ ಫಿಲ್ಟರ್ ಸ್ಪಂಜಿನದ್ದು ಇರುತ್ತೆ. ಸೋಪಿನ ನೀರಲ್ಲಿ ತೊಳಿ, ನೆರಳಲ್ಲಿ ಒಣಗಿಸು, ಎಣ್ಣೆಯಲ್ಲಿ ಅದ್ದಿ ಅಂಗೈಯಲ್ಲಿ ಒತ್ತು. ಬಟ್ಟೆ ಹಿಂಡಿದ ಹಾಗೆ ತಿರುಚಬೇಡ, ಹರಿಯುತ್ತೆ. ಹ್ಯಾಂಡಲ್ ಅಗಲದ್ದು ಹಾಕಿಸು, ಕಲ್ಲಿನ ಮೇಲೆ ಹಿಡಿತ ಸಿಗುತ್ತೆ. ಕೈಗೆ ರಕ್ಷಣೆ ಪಟ್ಟಿ, ಎಂಜಿನ್ ಅಡಿಗೆ ದಪ್ಪ ತಗಡು. ಹಿಂದೆ ನಾನು ಕೂರೋದಕ್ಕೆ ಗಟ್ಟಿ ಫುಟ್‌ರೆಸ್ಟು. ಹೊಸ ಟಯರು, ಹೊಸ ಚೈನು.

ಅಪ್ಪನ ಗ್ಯಾರೇಜಿನಲ್ಲಿ ನೀನು ಬೆಂಚಿನ ಮೇಲೆ ಕೂತು ಕಥೆ ಪುಸ್ತಕ ಓದ್ತಿದ್ದೆ, ನಾನು ಬೆಂಚಿನ ಕೆಳಗೆ ಬಿದ್ದ ನಟ್ಟು ಹುಡುಕ್ತಿದ್ದೆ. ಈಗ ಮೇಲಿಂದ ಇಳಿ. ಪ್ರಾಸ ಬಿಡು, ಪಾನಾ ಹಿಡಿ.

ಮಂಡಿ ಚೆನ್ನಾಗಿದೆ.

ಅಕ್ಕ

*

ಆಗಸ್ಟ್ 23

ಅಕ್ಕಾ,

ಹನ್ನೆರಡರ ನಟ್ಟಿಗೆ ಹದಿನಾಲ್ಕರ ಪಾನಾ,
ಹಾಕಿ ಅಂಚು ಸವೆಸಿದ ನಾನೇ ಜಾಣ.

ಮುಂದಿನ ವಿವರ ಸಂತೋಷದ್ದು. ಸ್ಪ್ರಾಕೆಟ್ ಬಿಚ್ಚಿದೆ. ಹಲ್ಲು ಹದಿನಾಲ್ಕೇ ಇತ್ತು. ಮೂರು ಸಲ ಎಣಿಸಿದೆ, ಕರಡು ತಿದ್ದುವವನ ಚಾಳಿ. ಹದಿಮೂರರದ್ದು ಹಾಕಿದೆ. ಫಿಲ್ಟರ್ ತೊಳೆದೆ, ಹಿಂಡಲಿಲ್ಲ, ಮಗುವಿನ ಕೆನ್ನೆ ಒತ್ತಿದ ಹಾಗೆ ಒತ್ತಿದೆ. ಒಣಗಲು ಕಿಟಕಿಗೆ ನೇತು ಹಾಕಿದ್ದೆ. ಓನರಮ್ಮ ನೋಡಿ, "ಏನ್ರೀ ಅದು, ಸತ್ತ ಪ್ರಾಣಿ?" ಅಂದರು. "ಬೈಕಿನ ಶ್ವಾಸಕೋಶ" ಅಂದೆ. ಅವತ್ತಿಂದ ನನ್ನ ಹತ್ತಿರ ಮಾತು ಕಡಿಮೆ ಮಾಡಿದ್ದಾರೆ. ಇದೂ ಒಂದು ರಿಪೇರಿಯೇ.

ಅಗಲದ ಹ್ಯಾಂಡಲ್, ಕೈಪಟ್ಟಿ, ಹೊಸ ಚೈನು, ಹೊಸ ಟಯರು ಎಲ್ಲ ಕೂತವು. ತಗಡನ್ನೂ ಹಿಂದಿನ ಫುಟ್‌ರೆಸ್ಟಿನ ಬ್ರಾಕೆಟ್ಟನ್ನೂ ಲೇತಿನವನು ಮಾಡಿಕೊಟ್ಟ. ಅವನಿಗೆ ನಿನ್ನ ವಿಷಯ ಎಲ್ಲ ಹೇಳಿದ್ದೇನೆ. ನಿನ್ನ ಪತ್ರದ ಕೆಲಸದ ಭಾಗವನ್ನು ಅವನಿಗೆ ಓದಿ ಹೇಳುತ್ತೇನೆ. ಅವನು ಬೀಡಿ ಆರಿಸಿ ಕೈಕಟ್ಟಿ ಕೇಳುತ್ತಾನೆ. "ಸಾರ್, ನಿಮ್ಮಕ್ಕನಿಗೆ ನನ್ನ ಅಂಗಡಿ ಬರೆದುಕೊಟ್ಟು ನಾನು ಅವರ ಹತ್ತಿರ ಕೆಲಸಕ್ಕೆ ನಿಂತುಬಿಡ್ಲಾ?" ಅಂದ.

ಎಂಜಿನ್ ಚಾಲೂ ಮಾಡಿದೆ. ಕೋಣೆಯಲ್ಲೇ. ಒಂದೇ ಕಿಕ್ಕಿಗೆ! ಮೇಜಿನ ಮೇಲಿದ್ದ ಕರಡು ಹಾಳೆಗಳೆಲ್ಲ ನಡುಗಿ ಒಂದೊಂದಾಗಿ ಕೆಳಗಿಳಿದವು, ನೂರೆಂಟು ತಪ್ಪಿದ್ದ ಹಾಳೆ ಮೊದಲು. ಹೊಗೆಗೆ ಕೆಮ್ಮುತ್ತ ಕಿಟಕಿ ತೆಗೆದೆ, ಗೋಡೆ ಕಂಡಿತು.

ಪ್ರತಿ ಸಂಜೆ ಹಳೇ ಇಟ್ಟಿಗೆ ಗೂಡಿನ ಬಯಲಿಗೆ ಒಯ್ದು ಎಂಟು ಸುತ್ತು ಹಾಕುತ್ತಿದ್ದೇನೆ. ಅಲ್ಲಿ ಗುಂಡಿ, ಜಲ್ಲಿ, ಇಟ್ಟಿಗೆ ಚೂರು ಎಲ್ಲ ಇವೆ. ನಿನ್ನ ದಾರಿಯ ಕಿರಿಯ ತಮ್ಮನ ಹಾಗೆ. ಓದು ಹೇಗೆ ನಡೆದಿದೆ?

ತಮ್ಮ

*

ಸೆಪ್ಟೆಂಬರ್ 3

ಪಂಡಿತ,

ಸವೆದ ನಟ್ಟನ್ನ ಹಾಗೇ ಬಿಡಬೇಡ, ಬದಲಾಯಿಸು. ಇವತ್ತು ಬಿಡಲ್ಲ ಅನ್ನೋ ನಟ್ಟು ದಾರಿಯಲ್ಲಿ ತಾನಾಗೇ ಬಿಡುತ್ತೆ.

ಇನ್ನು ಭಾರ. ಹಲಗೆ ಸೇತುವೆ ನಮ್ಮಿಬ್ಬರನ್ನೂ ಬೈಕನ್ನೂ ಒಟ್ಟಿಗೆ ತಾಳಲ್ಲ. ಅಲ್ಲಿ ನಾನು ಇಳಿದು ನಡೀತೀನಿ, ನೀನು ಎಂಜಿನ್ ನಡೆಸುತ್ತ ಪಕ್ಕದಲ್ಲಿ ತಳ್ಳಿಕೊಂಡು ಬಾ. ಆದರೂ ನಡುವಿನ ಸ್ಟ್ಯಾಂಡು, ಹಿಂದಿನ ಕಬ್ಬಿಣದ ಬುಟ್ಟಿ, ಕನ್ನಡಿ, ಏನು ಕಿತ್ತು ಹಾಕೋಕಾಗುತ್ತೋ ಕಿತ್ತು ಹಾಕು. ಹಿಂದಿನ ಸ್ಪ್ರಿಂಗು ಎರಡು ಸುತ್ತು ಬಿಗಿ ಮಾಡು, ನಾನೇನು ಹೂವಲ್ಲ. ಕಲ್ಲಿನ ಮೇಲೆ ಬಂದಾಗ ಟಯರಿನ ಗಾಳಿ ಸ್ವಲ್ಪ ಇಳಿಸು. ಅಭ್ಯಾಸ ಮಾಡುವಾಗ ಹಿಂದೆ ಒಂದು ಮರಳಿನ ಮೂಟೆ ಕಟ್ಟಿಕೋ.

ಹೊಸ ಟಯರು ಹಾಕುವಾಗ ಸ್ಪೋಕು ಬಿಗಿ ಮಾಡಿಸಿರ್ತೀಯ. ಓಡಿದ ಮೇಲೆ ಸಡಿಲ ಆಗೇ ಆಗುತ್ತೆ. ಚಿಕ್ಕ ಪಾನಾದಲ್ಲಿ ಒಂದೊಂದನ್ನೂ ತಟ್ಟು. ಟಿಣ್ ಅಂದರೆ ಸರಿ, ದಬ್ ಅಂದರೆ ಸಡಿಲ. ಚೈನೂ ಅಷ್ಟೇ, ಹೊಸದು ಎಳೆದುಕೊಳ್ಳುತ್ತೆ. ಎಷ್ಟು ಜೋಲು ಬಂತು ಬರೆ.

ಓದು ನಡೆದಿದೆ. ಇಲ್ಲಿ ಬಿಸಿಲು ಬೀಳೋದು ಹತ್ತರಿಂದ ಎರಡರ ತನಕ, ಆಮೇಲೆ ಬಂಡೆಯ ನೆರಳು. ಆ ನಾಲ್ಕು ಗಂಟೆ ಮೆಟ್ಟಿಲ ಮೇಲೆ ಕೂತು ಓದ್ತೀನಿ. ಮಧ್ಯೆ ಎದ್ದು ನೀರಿನ ಮಟ್ಟ ಬರೀಬೇಕು. ನೀರಿನ ಸದ್ದು ಎಷ್ಟಿದೆ ಅಂದರೆ ನಾನು ಗಟ್ಟಿಯಾಗಿ ಓದಿದ್ದು ನನಗೇ ಕೇಳಲ್ಲ. ಮೊನ್ನೆ ಜೊತೆಯವನು ಪ್ರಶ್ನೆ ಕೇಳಿದ, ನಾನು ಉತ್ತರ ಹೇಳಿದೆ, ಅವನು "ಆಂ?" ಅಂದ. ಹೀಗೇ ಹತ್ತು ಸಲ. ಕೊನೆಗೆ ಇಬ್ಬರೂ ಪಾಸು ಅಂತ ಒಪ್ಪಿಕೊಂಡು ಟೀ ಕುಡಿದೆವು.

ಹೊಸ ಚಪ್ಪಲಿ ಇದೆ, ಪರೀಕ್ಷೆಗೆ ಅಂತ ತೆಗೆದಿಟ್ಟಿದ್ದೀನಿ. ಚೀಲ ಆಗಲೇ ಕಟ್ಟಿದೆ. ನಗಬೇಡ.

ಅಕ್ಕ

*

ಸೆಪ್ಟೆಂಬರ್ 19

ಪೂಜ್ಯ ಅಕ್ಕನವರ ಸನ್ನಿಧಿಗೆ, ನಿರ್ವಹಣಾ ವರದಿ:

ಒಂದು ತಿಂಗಳ ದೈನಂದಿನ ಸವಾರಿಯ ನಂತರವೂ ವಾಹನ ನವವಧುವಿನಂತಿದೆ. ಚೈನಿನ ಜೋಲು ಹಾಕಿದ ದಿನ ಎರಡು ಬೆರಳು, ಇವತ್ತೂ ಎರಡು ಬೆರಳು; ಕೂದಲೆಳೆಯಷ್ಟು ವ್ಯತ್ಯಾಸ ಇಲ್ಲ. ಸ್ಪೋಕುಗಳನ್ನು ತಟ್ಟಿದೆ, ಎಲ್ಲವೂ ಟಿಣ್. ಸಂಗೀತ ಕಛೇರಿ. ಟಯರಿನ ವಿಷಯವಂತೂ ಕೇಳಲೇಬೇಡ. ಹೊಸ ಟಯರಿನ ಮೈಮೇಲೆ ಸಣ್ಣ ಸಣ್ಣ ರಬ್ಬರ್ ಕೂದಲು ಇರುತ್ತವಲ್ಲ, ಬೆಕ್ಕಿನ ಮೀಸೆಯ ಹಾಗೆ? ನನ್ನ ಆರೈಕೆ ಹೇಗಿದೆ ನೋಡು, ಒಂದೇ ಒಂದು ಉದುರಿಲ್ಲ.

ಎಣ್ಣೆ ಹಚ್ಚಿದ ಕೈಗೆ ಸಲ್ಲಲಿ ಮಾನ,
ಮೀಸೆ ಉದುರದ ಟಯರೇ ಪ್ರಮಾಣ.

ಒಂದು ಸಣ್ಣ ತೊಡಕು. ಹೊಸ ಹ್ಯಾಂಡಲ್ ನನ್ನ ಬಾಗಿಲಿಗಿಂತ ನಾಲ್ಕು ಬೆರಳು ಅಗಲ ಎಂದು ನಿನ್ನೆ ತಿಳಿಯಿತು. ಕೈಪಟ್ಟಿ ಚೌಕಟ್ಟಿಗೆ ತಾಗುತ್ತದೆ. ಬೈಕು ಒಳಗೆ, ಬಾಗಿಲು ನಡುವೆ, ಜಗತ್ತು ಆಚೆ. ಓನರಮ್ಮ ಚೌಕಟ್ಟು ಕೆರೆಯಲು ಬಿಡುವುದಿಲ್ಲ. ಇನ್ನೊಂದು, ಬ್ರೇಕ್ ಹಿಡಿದರೆ ಕಿಂಯ್ ಅನ್ನುತ್ತದೆ. ಪ್ಲಗ್ಗಿನ ತುದಿ ಕಪ್ಪಗಿದೆ. ಕಾರ್ಬುರೇಟರ್ ಒಮ್ಮೆ ಪೂರ್ತಿ ಬಿಚ್ಚಿ ತೊಳೆದರೆ ಒಳ್ಳೆಯದೇನೋ ಎಂದು ನನ್ನ ನಮ್ರ ಅಭಿಪ್ರಾಯ. ಆತುರದಲ್ಲಿ ಹೊರಟು ಅರ್ಧ ದಾರಿಯಲ್ಲಿ ನಿಂತರೆ ಯಾರಿಗೆ ಲಾಭ ಹೇಳು? ಇದೆಲ್ಲ ಸರಿಹೋಗಲಿ ಎಂದು ನೋಡುತ್ತಿದ್ದೇನೆ.

ಚಪ್ಪಲಿಗೆ ನಗಲಿಲ್ಲ.

ತಮ್ಮ

*

ಸೆಪ್ಟೆಂಬರ್ 29

ಲೋ,

ಹ್ಯಾಂಡಲಿನ ನಾಲ್ಕು ಬೋಲ್ಟು ಸಡಿಲ ಮಾಡಿ ಓರೆ ತಿರುಗಿಸಿದರೆ ಬೈಕು ಆಚೆ ಬರುತ್ತೆ. ಎರಡು ನಿಮಿಷದ ಕೆಲಸ. ಅದನ್ನ ಮೊದಲು ಬರೆದುಬಿಡ್ತೀನಿ.

ಈಗ ನಾನು ಕೇಳೋದಕ್ಕೆ ಸಿಟ್ಟಾಗಬೇಡ. ಅಗಲದ ಹ್ಯಾಂಡಲ್ ಹಾಕಿದ್ದು ಆಗಸ್ಟಿನಲ್ಲಿ. ಬಾಗಿಲು ಸಾಲಲ್ಲ ಅಂತ ಗೊತ್ತಾಗಿದ್ದು ಸೆಪ್ಟೆಂಬರಿನಲ್ಲಿ. ಅಷ್ಟು ದಿನ ಇಟ್ಟಿಗೆ ಗೂಡಿಗೆ ಯಾವ ಬಾಗಿಲಿಂದ ಹೋದೆ? ಆ ಟಯರಿನ ಮೀಸೆ ಇದೆಯಲ್ಲ, ಅದು ಆರೈಕೆಯಿಂದ ಉಳಿಯಲ್ಲ ಕಣೋ. ಜಲ್ಲಿಯ ಮೇಲೆ ಅರ್ಧ ದಿನ ಓಡಿದರೆ ನಡುವಿನದ್ದೆಲ್ಲ ಕಿತ್ತು ಹೋಗುತ್ತೆ. ಹೊಸ ಚೈನು ಎಳೆದುಕೊಳ್ಳದೇ ಇರಲ್ಲ. ಸ್ಪೋಕು ಒಂದಾದರೂ ದಬ್ ಅನ್ನದೇ ಇರಲ್ಲ. ಇದು ಓಡದ ಬೈಕು. ನಿಂತ ಬೈಕಿಗೆ ಮಾತ್ರ ಇಷ್ಟು ಅಂದ ಇರುತ್ತೆ.

ನೀನು ಓಡಿಸ್ತಾ ಇಲ್ಲ.

ಬೈಯ್ಯಲ್ಲ. ನಿನಗೆ ಯಾರೂ ಕಲಿಸಲಿಲ್ಲ. ಅಪ್ಪ ನನ್ನನ್ನ ಗಾಡಿ ಮೇಲೆ ಕೂರಿಸಿದ, ನಿನ್ನ ಕೈಗೆ ಪುಸ್ತಕ ಕೊಟ್ಟ. ಆಗ ನನಗೇ ಹೊಟ್ಟೆ ಉರಿದಿತ್ತು, ಗೊತ್ತಾ? ಓಡಿಸೋಕೆ ಬರದೇ ಇರೋದು ನಾಚಿಕೆಯ ವಿಷಯ ಅಲ್ಲ. ನಲವತ್ತೈದು ಕಿಲೋಮೀಟರ್ ಕಲ್ಲಿನ ದಾರಿ ಕಲಿಯುವವರ ದಾರಿಯೂ ಅಲ್ಲ. ಹಾಗಾಗಿ ನೀನು ಬರಲೇಬೇಡ.

ಲೇತಿನವನನ್ನ ಕಳಿಸು. ಅವನು ಓಡಿಸಬಲ್ಲ ಅಂತ ನೀನೇ ಬರೆದಿದ್ದೆ. ನೀನು ಕಟ್ಟಿದ ಬೈಕು, ಅವನು ತರಲಿ, ನಾನು ಹತ್ತಿ ಬರ್ತೀನಿ. ನಡುವೆ ಅವನಿಗೆ ಸುಸ್ತಾದರೆ ನಾನೇ ಓಡಿಸ್ತೀನಿ. ನೀನು ಊರಲ್ಲಿ ನನಗೆ ಪರೀಕ್ಷೆಯ ಜಾಗ ಹುಡುಕಿಟ್ಟಿರು, ಅದು ನಿನ್ನ ಕೆಲಸ. ಈ ಪತ್ರ ಆರಕ್ಕೋ ಏಳಕ್ಕೋ ನಿನಗೆ ಸಿಗುತ್ತೆ. ಇನ್ನೂ ಟೈಮಿದೆ. ಒಂದು ಸಾಲು ಬರೆ, ಸಾಕು.

ಅಕ್ಕ

*

ಅಕ್ಟೋಬರ್ 7 (ಕಾರ್ಡು)

ಅಕ್ಕಾ, ನಿನ್ನ ಪತ್ತೇದಾರಿಕೆ ಅದ್ಭುತ, ಆದರೆ ತಪ್ಪು. ಲೇತಿನವನ ಅಗತ್ಯ ಇಲ್ಲ. ಹದಿನೈದರ ಬೆಳಿಗ್ಗೆ ಹತ್ತಕ್ಕೆ ನಿನ್ನ ಬಾಗಿಲಲ್ಲಿ ಹಾರನ್ ಹೊಡೆಯುತ್ತೇನೆ. ಚಪ್ಪಲಿ ಹಾಕಿಕೊಂಡು ನಿಂತಿರು. ತಮ್ಮ.

*

ಅಕ್ಟೋಬರ್ 19

ಪಂಡಿತ,

ಎಲ್ಲಿದ್ದೀಯಪ್ಪ?

ಹದಿನೈದಕ್ಕೆ ಒಂಬತ್ತರಿಂದ ಮೆಟ್ಟಿಲ ಮೇಲೆ ನಿಂತಿದ್ದೆ. ಹನ್ನೆರಡಾಯ್ತು. ನೀನು ಖಂಡಿತ ಬರ್ತೀನಿ ಅಂತ ಬರೆದಿದ್ದೆ, ಅಂದರೆ ಹೊರಟಿರ್ತೀಯ, ದಾರಿಯಲ್ಲಿ ಎಲ್ಲೋ ಬಿದ್ದಿದ್ದೀಯ ಅಂತ ಅನ್ನಿಸಿತು. ಅದೇ ಮನಸ್ಸಲ್ಲಿ ನಿಂತುಬಿಡ್ತು. ಚೀಲ ಅಲ್ಲೇ ಬಿಟ್ಟು ಇಳಿಯೋಕೆ ಶುರು ಮಾಡಿದೆ. ಪ್ರತಿ ತಿರುವಿನಲ್ಲೂ ಅಂಚಿಗೆ ಹೋಗಿ ಕೆಳಗೆ ನೋಡಿದೆ. ಒಂದು ಕಡೆ ಏನೋ ಕೆಂಪಗೆ ಕಂಡಿತು, ಬೈಕಿನ ಟ್ಯಾಂಕು ಅಂದುಕೊಂಡೆ. ಬೇರು ಹಿಡಿದು ಕೂತುಕೊಂಡೇ ಜಾರಿ ಇಳಿದು ನೋಡಿದರೆ ಹಳೇ ಡಬ್ಬ. ಅದನ್ನ ತಬ್ಬಿಕೊಳ್ಳೋದೊಂದು ಬಾಕಿ.

ಕತ್ತಲಾಗುವ ಮುಂಚೆ ಹಲಗೆ ಸೇತುವೆಗೆ ಬಂದೆ. ಹನ್ನೆರಡು ಕಿಲೋಮೀಟರು. ಕೆಸರಿನಲ್ಲಿ ಟಯರಿನ ಗುರುತು ಒಂದೂ ಇರಲಿಲ್ಲ. ಇಲ್ಲಿ ಬಿದ್ದಿಲ್ಲ ಅಂತ ಉಸಿರು ಬಂತು. ಆಮೇಲೆ, ಹಾಗಾದರೆ ಇದಕ್ಕಿಂತ ಹಿಂದೆ ಬಿದ್ದಿರಬೇಕು ಅಂತ ಮತ್ತೆ ಉಸಿರು ಹೋಯ್ತು. ಮುಂದೆ ಹೋಗೋಕಾಗಲಿಲ್ಲ. ಮಂಡಿ ಚೆನ್ನಾಗಿದೆ ಅಂತ ಬರೀತಿದ್ದೆನಲ್ಲ, ಅದು ಸುಳ್ಳು. ಎರಡು ವರ್ಷದಿಂದ ಸರಿ ಇಲ್ಲ. ಹಲಗೆಯ ಹತ್ತಿರವೇ ಕೂತಿದ್ದೆ. ಹದಿನೇಳಕ್ಕೆ ರೇಷನ್ನಿನವನು ಬಂದು ಮೂಟೆ ಇಳಿಸಿ ನನ್ನನ್ನ ಹೇಸರಗತ್ತೆ ಮೇಲೆ ಕೂರಿಸಿ ವಾಪಸ್ ತಂದ. ದಾರಿಯಲ್ಲಿ ಯಾರೂ ಬಿದ್ದಿಲ್ಲ, ನಾನೇ ನೋಡಿಕೊಂಡು ಬಂದೆನಲ್ಲ ಅಂತ ಆಣೆ ಮಾಡಿ ಹೇಳ್ತಾನೆ. ನನಗೆ ನಂಬಿಕೆ ಬರ್ತಿಲ್ಲ. ಅವನು ಅಂಚಿಗೆ ಹೋಗಿ ನೋಡಿರಲ್ಲ.

ಪರೀಕ್ಷೆ ಹೋಯ್ತು, ಹೋಗಲಿ. ಅದರ ಮಾತೇ ಬೇಡ. ಇಲ್ಲಿ ನನಗೇನು ಕಡಿಮೆ. ಬದುಕಿದ್ದೀನಿ ಅಂತ ಒಂದು ಸಾಲು ಬರೆ. ಪ್ರಾಸದಲ್ಲೇ ಬರೆ, ಬೇಕಾದರೆ.

ಅಕ್ಕ

*

ಅಕ್ಟೋಬರ್ 27

ಅಕ್ಕಾ,

ಬದುಕಿದ್ದೇನೆ. ಕೈಕಾಲು, ಹಲ್ಲು, ಹಾಸ್ಯಪ್ರಜ್ಞೆ ಎಲ್ಲ ಸ್ವಸ್ಥಾನದಲ್ಲಿವೆ. ನಡೆದದ್ದು ಇಷ್ಟು. ಹದಿನೈದರ ಬೆಳಗಿನ ಜಾವ ನಾಲ್ಕಕ್ಕೆ ಹೊರಟೆ. ಬೈಕು ಬೆಣ್ಣೆಯ ಹಾಗೆ ಹೋಯಿತು. ಡಾಂಬರು ಮುಗಿದು ಹದಿನೆಂಟನೇ ಕಿಲೋಮೀಟರಿನಲ್ಲಿ, ಮೊದಲನೇ ಹಳ್ಳ ದಾಟಿ ಏರುವಾಗ, ಟಪ್ ಎಂದು ಕ್ಲಚ್ ಕೇಬಲ್ ತುಂಡಾಯಿತು. ತಂತಿ ಇತ್ತು, ಇಕ್ಕಳ ಇತ್ತು, ಆದರೆ ಕೇಬಲಿನ ತಲೆಯ ಗುಂಡು ನೀರಿಗೆ ಬಿತ್ತು. ಮೊಣಕಾಲುದ್ದ ನೀರಿನಲ್ಲಿ ಎರಡು ಗಂಟೆ ಹುಡುಕಿದೆ. ಆಮೇಲೆ ಬೈಕು ತಳ್ಳಿಕೊಂಡು

ಇಲ್ಲ ಅಕ್ಕ.

ಮೇಲಿನ ಪ್ಯಾರಾಕ್ಕೆ ಮೂರು ಕರಡು ತೆಗೆದೆ. ಮೊದಲ ಕರಡಿನಲ್ಲಿ ಕೇಬಲ್ ತುಂಡಾಗಿದ್ದು ಹಲಗೆ ಸೇತುವೆಯ ಮೇಲೆ. ನೀನು ಅಲ್ಲಿ ಗುರುತು ಕಾಣಲಿಲ್ಲ ಎಂದು ಬರೆದಿದ್ದೆಯಲ್ಲ, ಅದಕ್ಕೇ ಹಳ್ಳಕ್ಕೆ ಸಾಗಿಸಿದೆ.

ಬೈಕು ಬಂದ ಮರುದಿನ ಅಂಗಳದಲ್ಲಿ ಹತ್ತಿ ಕೂತೆ. ಕ್ಲಚ್ ಬಿಟ್ಟೆ. ಮೂರು ಮಾರು ಹೋಗಿರಬೇಕು. ಗೇಟಿನ ಕಂಬಕ್ಕೆ ಹೊಡೆದು ಮೈಮೇಲೆ ಬಿತ್ತು. ಓನರಮ್ಮ ಬಂದು ಎತ್ತಿದರು. ಕಾಲಿನ ಮೇಲೆ ಸೈಲೆನ್ಸರಿನ ಸುಟ್ಟ ಗುರುತು ಬಿಟ್ಟರೆ ಏನೂ ಆಗಲಿಲ್ಲ. ಮತ್ತೆ ಹತ್ತಲಿಲ್ಲ. ನೀನು ಹೇಳಿದ್ದನ್ನೆಲ್ಲ ಮಾಡಿದೆ, ಒಂದೊಂದು ನಟ್ಟೂ ಹಾಕಿದೆ, ಯಾಕೆಂದರೆ ಮಾಡುವುದು ಇರುವ ತನಕ ಹೊರಡಬೇಕಾಗಿರಲಿಲ್ಲ. ನೀನು ಸೇತುವೆಯ ಹತ್ತಿರ ಕೂತಿದ್ದ ಎರಡು ದಿನವೂ ನಾನು ಪ್ರೆಸ್ಸಿನಲ್ಲಿದ್ದೆ. ಒಂದು ವ್ಯಾಕರಣ ಪುಸ್ತಕ ತಿದ್ದಿದೆ.

ಇದೂ ಪೂರ್ತಿ ಅಲ್ಲ. ನಿನ್ನ ಪತ್ರ ಆರನೇ ತಾರೀಕು ಸಿಕ್ಕಿತು. ನಿಂತುಕೊಂಡೇ ಓದಿದೆ. ಅವನನ್ನು ಕಳಿಸು ಎಂದು ನೀನು ಬರೆದದ್ದನ್ನು ಲೇತಿನವನಿಗೆ ಹೇಳಲಿಲ್ಲ. ನಾಳೆ ಕಲಿಯುತ್ತೇನೆ, ನಾಳಿದ್ದು ಕಲಿಯುತ್ತೇನೆ ಎಂದುಕೊಂಡು ನಿನಗೆ ಕಾರ್ಡು ಹಾಕಿದೆ. ಆದರೆ ಅವನಿಗೆ ದಿನಾಂಕ ನೆನಪಿತ್ತು. ಹದಿನಾಲ್ಕರ ಸಂಜೆ ತಾನಾಗಿ ಬಂದ, ಒಂದು ಕ್ಯಾನು ಪೆಟ್ರೋಲು, ಒಂದು ಹಗ್ಗ ಹಿಡಿದುಕೊಂಡು. "ಸಾರ್, ನಿಮಗೆ ಕಷ್ಟ ಆದ್ರೆ ಕೀಲಿ ಕೊಡಿ, ನಾನು ಹೋಗ್ಬರ್ತೀನಿ. ಅಕ್ಕೋರು ಕಾಯ್ತಿರ್ತಾರೆ" ಅಂದ.

ಪರೀಕ್ಷೆ ಮುಂದಕ್ಕೆ ಹೋಯಿತಂತೆ, ಅಕ್ಕ ಬರೆದಿದ್ದಾಳೆ ಎಂದೆ.

"ಒಳ್ಳೇದಾಯ್ತು ಬಿಡಿ ಸಾರ್, ಅಕ್ಕೋರಿಗೆ ಓದೋಕೆ ಟೈಮ್ ಸಿಕ್ತು" ಎಂದು ನಕ್ಕು, ಕ್ಯಾನು ಅಲ್ಲೇ ಇಟ್ಟು ಹೋದ.